ಮೈಮೇಲಿನ ಜಾಕೀಟು

ಹೆಬ್ಬಗೋಡಿಯಲ್ಲಿ ಸೊಣ್ಣಪ್ಪ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ಸಾಲುಮನೆಗಳಲ್ಲಿ ಆರನೆಯದರಲ್ಲಿ ನಾಲ್ಕು ಜನ ಇದ್ದರು, ಕೋಣೆ ಒಂದೇ. ಚಾಪೆ, ಸ್ಟವ್ವು, ಟ್ರಂಕು, ಟೀವಿ ಎಲ್ಲವೂ ಎಲ್ಲರದು. ಬಾಗಿಲ ಹಿಂದಿನ ಮೊಳೆಯೊಂದು ಮಾತ್ರ ಮಲಕಪ್ಪನದು. ಅದಕ್ಕೆ ಅವನ ಚರ್ಮದ ಜಾಕೀಟನ್ನು ಬಿಟ್ಟು ಬೇರೇನನ್ನೂ ಯಾರೂ ನೇತು ಹಾಕುವ ಹಾಗಿರಲಿಲ್ಲ. ಒಮ್ಮೆ ಮಗ ಸಿದ್ರಾಮ ತನ್ನ ವೆಲ್ಡಿಂಗ್ ಕೆಲಸದ ಅಂಗಿಯನ್ನು ಅಲ್ಲಿ ಸಿಕ್ಕಿಸಿದ್ದಕ್ಕೆ ಮುದುಕ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದ.

ಅದು ವಿಮಾನ ಹಾರಿಸುವವರು ಹಾಕಿಕೊಳ್ಳುವ ಜಾಕೀಟು. ಸಿಂದಗಿ ಕಡೆಯಿಂದ ಬಂದ ಹೊಸತರಲ್ಲಿ ಮಲಕಪ್ಪ ವೈಟ್‌ಫೀಲ್ಡಿನಲ್ಲಿ ರೆಜ್ಜಿ ಸಾಹೇಬ ಎಂಬ ಆಂಗ್ಲೋ ಇಂಡಿಯನ್ ಮುದುಕನ ಮನೆ ಕಾಯುತ್ತಿದ್ದ. ಸಾಹೇಬ ವಯಸ್ಸಿನಲ್ಲಿ ವಾಯುಪಡೆಯಲ್ಲಿದ್ದವನು. ಎಂಬತ್ತೊಂಬತ್ತರ ಡಿಸೆಂಬರಿನಲ್ಲಿ ಮಗಳ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟವನು ಗೇಟಿನಲ್ಲಿ ನಡುಗುತ್ತ ನಿಂತಿದ್ದ ಕಾವಲುಗಾರನ ಹೆಗಲಿಗೆ ಅದನ್ನು ಹೊದಿಸಿ ಕಾರು ಹತ್ತಿದ್ದ. ಅಲ್ಲಿಂದ ಇಪ್ಪತ್ತೆರಡು ವರ್ಷ. ಸಾಹೇಬ ಅದನ್ನು ಹಾಕಿಕೊಂಡು ಎಷ್ಟು ಹಾರಾಡಿದ್ದನೋ ದೇವರಿಗೇ ಗೊತ್ತು. ಮಲಕಪ್ಪ ಅದನ್ನು ಹಾಕಿಕೊಂಡು ಸೈಕಲ್ ತುಳಿದ.

ಒಳ್ಳೆಯ ತೊಗಲು ಸುಮ್ಮನೆ ಸವೆಯುವುದಿಲ್ಲ, ಹಾಕಿಕೊಂಡವನು ಏನು ಮಾಡುತ್ತಾನೋ ಹಾಗೆ ಸವೆಯುತ್ತದೆ. ಸಾಹೇಬ ಕೊಟ್ಟಾಗ ಜಾಕೀಟು ಕಾಫಿಪುಡಿಯ ಬಣ್ಣಕ್ಕಿತ್ತು. ಮೊದಲು ಜೇಬಿನ ಅಂಚುಗಳು ಮಾಸಿ ಕೆಳಗಿನ ಇಟ್ಟಿಗೆ ಬಣ್ಣ ಕಂಡಿತು. ಆಮೇಲೆ ಬಲ ಮೊಣಕೈ. ಕಾವಲುಕೋಣೆಯ ಮೇಜಿನ ಮೇಲೆ ಬಲಗೈ ಊರಿ ರಿಜಿಸ್ಟರ್ ಬರೆಯುವವನ ಮೊಣಕೈ ಸವೆಯದೆ ಇನ್ನೇನಾಗುತ್ತದೆ? ಬುತ್ತಿ ಚೀಲ ಸದಾ ಎಡ ಹೆಗಲಿಗೇ ಇರುತ್ತಿದ್ದುದರಿಂದ ಆ ಹೆಗಲಿನ ಹೊಲಿಗೆ ನುಣ್ಣಗಾಯಿತು, ಬಲ ಹೆಗಲು ಒರಟಾಗಿಯೇ ಉಳಿಯಿತು. ಕೊರಳಪಟ್ಟಿ ಕುತ್ತಿಗೆಯ ಜಿಡ್ಡು ಕುಡಿದು ಕಪ್ಪಾಯಿತು. ಮೊಳೆಗೆ ತೂಗಿ ತೂಗಿ ಕತ್ತಿನ ಹಿಂದೆ ಒಂದು ಗುಬುಟು ಎದ್ದಿತು. ತೋಳಿನ ಮಡಿಕೆಗಳಂತೂ ಸೈಕಲ್ಲಿನ ಹ್ಯಾಂಡಲ್ ಹಿಡಿದ ಹಾಗೆಯೇ ಬಾಗಿ ಕುಳಿತುಬಿಟ್ಟಿದ್ದವು.

ಮಣಿಕಟ್ಟಿನ ಉಣ್ಣೆಪಟ್ಟಿಯನ್ನು ನುಸಿ ತಿಂದಾಗ ಹೆಂಡತಿ ಮರೆವ್ವ ಅವನ ಖಾಕಿ ಕಾಲುಚೀಲಗಳ ಮೇಲ್ಭಾಗ ಕತ್ತರಿಸಿ ಅಲ್ಲಿಗೆ ಹೊಲಿದಳು. ಜಿಪ್ಪು ಕಿತ್ತುಹೋದಾಗ ಹಳೆಯ ರೆಕ್ಸಿನ್ ಚೀಲದ ಜಿಪ್ಪು ಬಂದು ಕೂತಿತು. ಊರಿನಲ್ಲಿ ಚಪ್ಪಲಿಗೆ ಔಡಲೆಣ್ಣೆ ಉಣಿಸುವ ಹಾಗೆ ಪ್ರತಿ ದೀಪಾವಳಿಗೆ ಆಕೆ ಜಾಕೀಟಿಗೂ ಉಣಿಸುತ್ತಿದ್ದಳು. ತೊಗಲಿಗೂ ನೀರಡಿಕೆಯಾಗುತ್ತದೆ ಎಂಬುದು ಅವಳ ವಾದ. ಎಣ್ಣೆ ಕಾಣದ ತೊಗಲು ಒಣಗಿ ಬಿರಿಯುತ್ತದೆ ಎಂಬುದನ್ನು ಯಾವ ಕಾರ್ಖಾನೆಯೂ ಅವಳಿಗೆ ಕಲಿಸಬೇಕಿರಲಿಲ್ಲ.

ಸೊಸೆ ಮಹಾನಂದಾ ಕೆಲಸ ಮಾಡುತ್ತಿದ್ದುದು ಅಂಥದೇ ಕಾರ್ಖಾನೆಯಲ್ಲಿ, ಬೊಮ್ಮಸಂದ್ರದ ಕಡೆ. ಹೊರದೇಶಕ್ಕೆ ಚರ್ಮದ ಜಾಕೀಟು ಹೊಲಿದು ಕಳಿಸುವ ಕಂಪನಿ. ಅಲ್ಲಿ ತಾನು ಮಾಡುವ ಕೆಲಸವನ್ನು ಅವಳು ಎಷ್ಟು ಸಲ ವಿವರಿಸಿದರೂ ಅತ್ತೆಗೆ ನಂಬಿಕೆ ಬರುತ್ತಿರಲಿಲ್ಲ.

“ಹೊಸಾ ಜಾಕೀಟ ಹಳೇವು ಮಾಡ್ತೀವ್ರಿ ಅತ್ತಿ. ಉಪ್ಪುಕಾಗದ ತಗೊಂಡು ತಿಕ್ಕೂದು.”

“ಹೊಸಾದನ್ನ ಯಾಕ ಹಳೇದ ಮಾಡ್ತಾರವಾ?”

“ಹೊರದೇಶದಾಗ ಹಳೇದು ಬೇಕಂತ.”

“ಹಂಗಾರ ಅವರಿಗೆ ನಮ್ಮ ಮನಿಗೆ ಬರ್ರಿ ಅನ್ನು. ಇಲ್ಲಿ ಇರೂದೆಲ್ಲಾ ಹಳೇದ ಐತಿ,” ಎಂದು ಮರೆವ್ವ ರೊಟ್ಟಿ ತಟ್ಟುವುದನ್ನು ಮುಂದುವರಿಸುತ್ತಿದ್ದಳು.

ಎರಡು ಸಾವಿರದ ಹನ್ನೊಂದರ ನವೆಂಬರ್ ಕೊನೆಯಲ್ಲಿ ಕಂಪನಿ ಹೊರದೇಶದ ಗಿರಾಕಿಗೆ ಕಳಿಸಿದ್ದ ವಿಮಾನದ ಜಾಕೀಟುಗಳ ಮಾದರಿಗಳು ವಾಪಸ್ ಬಂದವು. ಉಜ್ಜುವ ಮೇಜಿನ ಸೂಪರ್‌ವೈಸರ್ ರುದ್ರಮ್ಮ ಆನೇಕಲ್ಲಿನವಳು, ಬೇಸರ ಬಂದರೆ ಬಾಯಿ ಜೋರು.

“ಎಲ್ಲಾ ಒಂದೇ ತರ ಸವೆದವೆ ಅಂತ ವಾಪಸ್ ಕಳಿಸವ್ರೆ. ಎರಡೂ ಮೊಣಕೈ ಸಮಕ್ಕೆ ಉಜ್ಜಿದ್ದೀವಿ. ಇನ್ನು ಎಂಗೆ ಉಜ್ಜಬೇಕಂತೆ ಇವ್ರಿಗೆ?”

“ಸಮ ಉಜ್ಜಿದ್ದಕ್ಕ ವಾಪಸ್ ಬಂದಾವ್ರಿ ಅಕ್ಕಾ,” ಎಂದಳು ಮಹಾನಂದಾ. “ಯಾರ ಎರಡೂ ಕೈಲೆ ಸಮ ದುಡೀತಾರ? ನಮ್ಮ ಮಾವಾರ ಜಾಕೀಟ ನೋಡಬೇಕ ನೀವು. ಬಲಗೈ ಒಂದ ನಮೂನಿ, ಎಡಗೈ ಒಂದ ನಮೂನಿ.”

ಮಾದರಿ ವಿಭಾಗದ ಮ್ಯಾನೇಜರ್ ವಿಷ್ಣು ಅಲ್ಲೇ ನಿಂತಿದ್ದ. ಮೂವತ್ತರ ಒಳಗಿನ ಹುಡುಗ, ಮಾತು ಮೃದು.

“ಯಾವ್ ಜಾಕೆಟ್ ಅದು? ನಾಳೆ ತಗೊಂಡ್ಬನ್ನಿ. ಒಂದ್ಸಲ ನೋಡಿ ಕೊಟ್ಬಿಡ್ತೀನಿ.”

ಮಾವನನ್ನು ಕೇಳಿದರೆ ಕೊಡುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು. ಮಲಕಪ್ಪ ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನ ಗೇಟಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಎರಡು ರೊಟ್ಟಿ ತಿಂದು, ಎಂಟೂವರೆಗೆ ಮಲಗಿದರೆ ಮೂರು ಗಂಟೆಯವರೆಗೆ ಏಳುತ್ತಿರಲಿಲ್ಲ. ಮರೆವ್ವ ಆ ಹೊತ್ತಿಗೆ ಅಪಾರ್ಟ್‌ಮೆಂಟಿನ ಅಡುಗೆ ಕೆಲಸಕ್ಕೆ ಹೋಗಿರುತ್ತಿದ್ದಳು, ಸಿದ್ರಾಮ ಫ್ಯಾಕ್ಟರಿಗೆ. ಮರುದಿನ ಬೆಳಿಗ್ಗೆ ಮಹಾನಂದಾ ಮೊಳೆಯಿಂದ ಜಾಕೀಟು ತೆಗೆದು ಸೀರೆಯ ಮೇಲೆ ಹಾಕಿಕೊಂಡು, ಮೇಲೊಂದು ಶಾಲು ಹೊದ್ದು ಹೊರಟಳು.

ಕಂಪನಿಯ ಗೇಟಿನಲ್ಲಿ ಒಂದು ನಿಯಮವಿತ್ತು. ಚರ್ಮದ ಚೂರು ಒಳಗೆ ಹೋದರೂ ಇನ್‌ವರ್ಡ್ ರಿಜಿಸ್ಟರಿನಲ್ಲಿ ಬರೆಸಬೇಕು. ಹೊರಗೆ ಹೋದರೆ ಪಾಸ್ ಬೇಕು. ಕಾವಲಿನ ಈಶಪ್ಪ ಅವಳ ಚೀಲ ನೋಡಿದ, ಬುತ್ತಿ ನೋಡಿದ, ಹೋಗು ಎಂದ. ಮೈಮೇಲೆ ಹಾಕಿಕೊಂಡದ್ದನ್ನು ಬರೆಸಬೇಕು ಎಂದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಅವತ್ತು ಸಂಜೆ ಆರಕ್ಕೆ ಅವಳು ಮನೆಗೆ ಬಂದಾಗ ಮಲಕಪ್ಪ ಖಾಲಿ ಮೊಳೆಯ ಎದುರಿಗೆ ಕುಳಿತಿದ್ದ. ಮುಂದಿದ್ದ ಚಹಾ ಕೆನೆ ಕಟ್ಟಿತ್ತು.

“ನನ್ನ ಜಾಕೀಟ?”

“ಕಂಪನ್ಯಾಗ ಐತ್ರಿ ಮಾವಾರ. ನೋಡಿ ಕೊಡ್ತೀನಂದಾರ. ನಾಳಿ ತರ್ತೀನಿ.”

“ಯಾರನ್ನ ಕೇಳಿ ಒಯ್ದಿ?”

“ಕೇಳಿದ್ರ ಕೊಡ್ತಿದ್ರೇನು?”

“ಕೊಡ್ತಿರಲಿಲ್ಲ.”

“ಅದಕ್ಕ ಕೇಳಲಿಲ್ಲ.”

ಮರೆವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. “ಕೇಳ್ರಿ ಇಕೀ ಬಾಯಿ! ಮನ್ಯಾಗಿಂದು ಹೊರಗ ಒಯ್ದು ಮ್ಯಾಲ ಜವಾಬ ಬ್ಯಾರೆ ಕೊಡ್ತಾಳ!”

“ಹೋಗ್ಲಿ ಬಿಡ ಯಪ್ಪಾ,” ಎಂದ ಸಿದ್ರಾಮ ಟೀವಿ ಕಡೆಯಿಂದ ಕಣ್ಣು ತೆಗೆಯದೆ. “ಒಂದ ಹರಕ ಜಾಕೀಟಿಗೆ ಇಷ್ಟ ಯಾಕ?”

“ಹರಕ ಅಂದಾಂವ ಯಾಂವ? ಎಲ್ಲಿ ಹರದೈತಿ ತೋರಸು. ಸವದೈತಿ. ಹರಿಯೂದ ಬ್ಯಾರೆ, ಸವಿಯೂದ ಬ್ಯಾರೆ. ಅಷ್ಟ ತಿಳೀದಾಂವ ನೀ ಎಂಥಾ ಕೆಲಸಗಾರ?”

ಸಿದ್ರಾಮ ಟೀವಿಯ ದನಿ ಏರಿಸಿದ. ಮಲಕಪ್ಪ ಎರಡು ಅಂಗಿ ಒಂದರ ಮೇಲೊಂದು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಊಟ ಮಾಡದೆ ಸೈಕಲ್ ಹತ್ತಿ ಹೋದ.

ನಾಳೆ ಎಂದದ್ದು ನಾಡಿದ್ದಾಯಿತು, ಆಮೇಲೆ ಸೋಮವಾರವಾಯಿತು. ಒಳಗೆ ವಿಷ್ಣು ಜಾಕೀಟಿನ ಫೋಟೊ ತೆಗೆಸಿದ, ಅಳತೆ ತೆಗೆಸಿದ, ಕಾಗದದ ಮೇಲೆ ಒಂದೊಂದು ಗುರುತಿಗೂ ಒಂದೊಂದು ನಂಬರು ಹಾಕಿಸಿದ. ಎಲ್ಲಿ ಎಷ್ಟು ಉಜ್ಜಬೇಕೆಂದು ಹೇಳಿಕೊಡಲು ಮಹಾನಂದಾಳನ್ನೇ ಮಾದರಿ ಮೇಜಿಗೆ ಕೂರಿಸಿದ. ಕೂರಿಸಿದ ಎಂದರೆ ನಿಜವಾಗಿಯೂ ಕೂರಿಸಿದ. ಅಲ್ಲಿ ಕುರ್ಚಿ ಇತ್ತು, ತಲೆಯ ಮೇಲೆ ಫ್ಯಾನು ಇತ್ತು. ನಾಲ್ಕು ವರ್ಷ ನಿಂತೇ ಉಜ್ಜಿದ್ದವಳಿಗೆ ಮಾವನ ಮುಖ ನೆನಪಾದಾಗ ನಾಚಿಕೆಯಾಗುತ್ತಿತ್ತು, ಕುರ್ಚಿಯಲ್ಲಿ ಕೂತಾಗ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ, ಖುಷಿಯೇ ಒಂದು ತೂಕ ಹೆಚ್ಚಿತ್ತು.

ಹತ್ತು ದಿನ ಕಳೆದ ಮೇಲೆ ಅವಳು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಒಳಗೆ ಹೊಸ ಜಾಕೀಟು. ಮಲಕಪ್ಪನ ಜಾಕೀಟನ್ನೇ ನೋಡಿಕೊಂಡು ಮಾಡಿದ್ದು. ಅದೇ ಮಾಸಿದ ಜೇಬು, ಅದೇ ನುಣುಪಾದ ಎಡ ಹೆಗಲು, ಕಾಲುಚೀಲದಂಥದೇ ಖಾಕಿ ಮಣಿಕಟ್ಟು. ಕತ್ತಿನ ಹಿಂದೆ ಮೊಳೆಯ ಗುಬುಟನ್ನೂ ಮಾಡಿದ್ದರು.

“ಸದ್ಯಕ್ಕ ಇದನ್ನ ಹಾಕ್ಕೋರಿ ಮಾವಾರ. ಕಂಪನಿಯವರ ಕೊಟ್ಟಾರ.”

ಮಲಕಪ್ಪ ಜಾಕೀಟನ್ನು ಮುಟ್ಟಲಿಲ್ಲ. ಚೀಲದ ಜೊತೆಗಿದ್ದ ಹಳದಿ ಚೀಟಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಅದು ಗೇಟ್ ಪಾಸ್. ಸೀಲು, ಸಹಿ, ಸಮಯ ಎಲ್ಲ ಸರಿಯಾಗಿತ್ತು.

“ಇದಕ್ಕ ಪಾಸ್ ಐತಿ. ನಂದು ಒಳಗ ಹೋಗುವಾಗ ಇನ್‌ವರ್ಡ್ ಬರಸಿದ್ದಿಲ್ಲೋ?”

ಮಹಾನಂದಾ ಮೈಮೇಲಿನ ಶಾಲು ತೆಗೆದು ಮಡಚತೊಡಗಿದಳು.

“ಬರಸಿದ್ದಿಲ್ಲೋ ಅಂತ ಕೇಳಾಕತ್ತೀನಿ.”

“ಮೈಮ್ಯಾಲ ಹಾಕ್ಕೊಂಡ ಹೋಗಿದ್ನಿರಿ.”

ಮಲಕಪ್ಪ ಹಣೆಗೆ ಕೈ ಹಚ್ಚಿ ನೆಲಕ್ಕೆ ಕುಸಿದ. ಜಾಕೀಟು ಹೋದ ದಿನವೂ ಅವನು ಹೀಗೆ ಕುಸಿದಿರಲಿಲ್ಲ.

“ಇಪ್ಪತ್ತೆಂಟ ವರ್ಷ ಗೇಟ ಕಾಯ್ದೀನಿ. ಸೂಜಿ ಒಳಗ ಬಂದ್ರೂ ಬರದೀನಿ. ನನ್ನ ಮನಿ ಸೊಸಿ ಎಂಟ್ರಿ ಇಲ್ಲದ ಒಯ್ದ ಇಟ್ಟ ಬಂದಾಳ! ಇನ್ನ ಅವರು ಅದು ಅಲ್ಲೇ ಹುಟ್ಟಿದ್ದು ಅಂದ್ರ ನೀ ಏನಂತೀ?”

“ಹಂಗ್ಯಾಕ ಅಂತಾರ್ರಿ? ದೊಡ್ಡ ಕಂಪನಿ.”

“ದೊಡ್ಡ ಕಂಪನಿ ಅಂದ್ರ ದೊಡ್ಡ ರಿಜಿಸ್ಟರ್ ಅಷ್ಟ. ಒಳಗ ಬರದದ್ದ ಖರೆ, ಉಳಿದದ್ದೆಲ್ಲಾ ಸುಳ್ಳು.”

ಸಿದ್ರಾಮನ ಒತ್ತಾಯಕ್ಕೆ ಮುದುಕ ಹೊಸದನ್ನು ಹಾಕಿಕೊಂಡು ನೋಡಿದ. ಕೈ ಮುಂದೆ ಚಾಚಿದ, ಮಡಚಿದ, ಮುಖ ಸಿಂಡರಿಸಿದ.

“ಯಾರದೋ ಮೊಣಕೈ ನನ್ನ ಮೊಣಕೈ ಮ್ಯಾಲ ಕುಂತಂಗ ಆಗತೈತಿ.”

ಆದರೂ ಚಳಿಗೆ ಬೇರೆ ದಾರಿಯಿರಲಿಲ್ಲ. ಮೂರನೆಯ ದಿನ ಹೊಸೂರು ರಸ್ತೆಯಲ್ಲಿ ದಟ್ಟ ಮಂಜು. ಬೆಳಿಗ್ಗೆ ಮನೆಗೆ ಬಂದು ಜಾಕೀಟು ಬಿಚ್ಚಿದರೆ ತಿಳಿನೀಲಿ ಯೂನಿಫಾರಂ ಅಂಗಿಯ ಕೊರಳು, ಕಂಕುಳು ಎಲ್ಲ ಕೆಮ್ಮಣ್ಣಿನ ಬಣ್ಣ. ಕೊರಳಿನ ಕಲೆ ಕಂಡು ಆಫೀಸಿನವನು ಆಗಲೇ ಗೇಟಿನಲ್ಲಿ ನಾಲ್ಕು ಜನರ ಮುಂದೆ ಬೈದು ಕಳಿಸಿದ್ದ. ಮರೆವ್ವ ತೊಗಲು ಒಣಗಿರಬೇಕೆಂದು ಹಣತೆಯಲ್ಲಿ ಔಡಲೆಣ್ಣೆ ಕಾಯಿಸಿ ಉಣಿಸಲು ಕೂತಳು. ಚಪ್ಪಲಿಗೆ ಆಗುವುದು, ಗಂಡನ ಜಾಕೀಟಿಗೆ ಆಗುವುದು ಇದಕ್ಕೂ ಆಗುತ್ತದೆ ಎಂದೇ ಅವಳ ಲೆಕ್ಕ. ಎರಡು ಸಲ ಕೈಯಾಡಿಸುವಷ್ಟರಲ್ಲಿ ಬಣ್ಣವೆಲ್ಲ ಕರಗಿ ಅಂಗೈಗೆ ಬಂತು. ಜಾಕೀಟಿನ ಬೆನ್ನು ಮಾಸಲು ಮಾಸಲಾಗಿ, ತೇಪೆ ತೇಪೆಯಾಗಿ ಮಂಗನ ಮುಖದಂತಾಯಿತು.

“ಎಣ್ಣಿ ಕುಡಿಯೂ ತೊಗಲಲ್ಲವಾ ಇದು, ಎಣ್ಣಿ ಉಗಳೂ ತೊಗಲು,” ಎಂದು ಮರೆವ್ವ ಎರಡೂ ಅಂಗೈಯನ್ನು ಸೊಸೆಯ ಮುಖದ ಮುಂದೆ ಹಿಡಿದಳು. “ಇಪ್ಪತ್ತೆರಡು ವರ್ಷದ ಸವಕಳಿನ ನೀವು ಎರಡ ದಿನದಾಗ ಮಾಡಿದ್ರ ಮೂರನೇ ದಿನಕ್ಕ ಹಿಂಗ ಆಗತೈತಿ!”

ಮಹಾನಂದಾ ಜಾಕೀಟನ್ನು ಮಡಚಿ ಚೀಲಕ್ಕೆ ತುರುಕಿದಳು. ಅದು ಅವಳ ಕೈಯ ಕೆಲಸವೇ ಆಗಿತ್ತು.

ಅಲ್ಲಿಂದ ಮನೆಯಲ್ಲಿ ಅನ್ನಕ್ಕೂ ಮೌನ ಬಂತು. ಮರೆವ್ವ ಸೊಸೆಗೆ ರೊಟ್ಟಿ ಹಾಕುತ್ತಿದ್ದಳು, ಪಲ್ಯ ಹಾಕುತ್ತಿದ್ದಳು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಮಾತ್ರ ಹಾಕುತ್ತಿರಲಿಲ್ಲ. ಡಬ್ಬಿ ಅಲ್ಲೇ ಇರುತ್ತಿತ್ತು. ತಾನಾಗಿ ತೆಗೆದುಕೊಳ್ಳಲು ಮಹಾನಂದಾಳಿಗೆ ಸ್ವಾಭಿಮಾನ ಬಿಡುತ್ತಿರಲಿಲ್ಲ. ಮಲಕಪ್ಪನಿಗೆ ಎದೆ ಕಟ್ಟಿ ಕೆಮ್ಮು ಶುರುವಾಯಿತು. ಒಂದು ದಿನ ರಜೆ ಹಾಕು ಎಂದರೆ ಕೇಳುತ್ತಿರಲಿಲ್ಲ, ಕೆಮ್ಮುತ್ತ ಸೈಕಲ್ ಹತ್ತುತ್ತಿದ್ದ.

“ನಾ ಹೋಗಿ ಕೇಳ್ತೀನಿ ನಿಮ್ಮ ಕಂಪನ್ಯಾಗ,” ಎಂದ ಒಂದು ದಿನ.

“ಯಪ್ಪಾ, ಅಕಿಗೆ ಕುರ್ಚಿ ಮ್ಯಾಲಿನ ಕೆಲಸ ಸಿಕ್ಕೈತಿ. ನೀ ಹೋಗಿ ರಾಡಿ ಮಾಡಬ್ಯಾಡ,” ಎಂದು ಸಿದ್ರಾಮ ಸಿಡುಕಿದ.

“ನನ್ನ ಜಾಕೀಟ ಹಾಸಿ ಅದರ ಮ್ಯಾಲ ಕುರ್ಚಿ ಹಾಕ್ಯಾರಲ್ಲ, ಅದಕ್ಕ ಏನಂತೀ?”

ಸಿದ್ರಾಮ ತಟ್ಟೆ ಬಿಟ್ಟು ಎದ್ದು ಹೋದ. ಮುದುಕ ಹೇಳಿದ್ದು ಸರಿಯಿತ್ತು, ಅದೇ ಅವಳಿಗೆ ಸಿಟ್ಟು ತರಿಸಿತು.

ಗುರುವಾರ ಅವಳು ನೇರವಾಗಿ ವಿಷ್ಣುವಿನ ಮುಂದೆ ಹೋಗಿ ನಿಂತಳು.

“ಸಾರ್, ನಮ್ಮ ಜಾಕೀಟ ಕೊಡ್ರಿ. ಇವತ್ತ ಒಯ್ಯಬೇಕು.”

“ಅದು ಈಗ ಆಗಲ್ಲಮ್ಮ. ಸ್ಯಾಂಪಲ್ ನಂಬರ್ ನೂರ ಹದಿನಾಲ್ಕು ಅಂತ ಎಂಟ್ರಿ ಆಗಿದೆ. ಶನಿವಾರ ಬೈಯರ್ ಕಡೆಯಿಂದ ಸುಕೃತಿ ಮೇಡಂ ಬರ್ತಾರೆ. ಅವರು ಅದನ್ನ ಹೆಡ್ ಆಫೀಸಿಗೆ ತಗೊಂಡ್ಹೋಗ್ತಾರೆ, ಹೊರದೇಶಕ್ಕೆ.”

“ನೋಡಿ ಕೊಡ್ತೀನಂದಿದ್ರಿ.”

“ಹೊಸದು ಕೊಟ್ಟಿದೀವಲ್ಲ? ಎಷ್ಟು ಚೆನ್ನಾಗಿದೆ ಅದು!” ವಿಷ್ಣು ದನಿ ತಗ್ಗಿಸಿದ. ದನಿ ತಗ್ಗಿದಷ್ಟೂ ಮಾತು ಗಟ್ಟಿಯಾಯಿತು. “ನೋಡಿ ಮಹಾನಂದಾ, ನಿಮ್ದು ಅಂತೀರ. ಇನ್‌ವರ್ಡ್ ಎಂಟ್ರಿ ಎಲ್ಲಿದೆ? ಇಲ್ಲ ಅಲ್ವಾ? ಸುಮ್ನೆ ಯಾಕೆ ಇರೋ ಕೆಲಸ ಹಾಳು ಮಾಡ್ಕೋತೀರ?”

ಮಾವ ಹತ್ತು ದಿನ ಮೊದಲೇ ಹೇಳಿದ್ದ ಮಾತು ಅಕ್ಷರಕ್ಕೆ ಅಕ್ಷರ ಎದುರಿಗೆ ಬಂದು ನಿಂತಿತ್ತು. ಸಂಜೆ ಬೇಗ ಬಂದು, ಮಲಕಪ್ಪ ಡ್ಯೂಟಿಗೆ ಹೊರಡುವ ಮೊದಲು ಮೂವರನ್ನೂ ಕೂರಿಸಿ ಅವಳು ಒಂದನ್ನೂ ಬಿಡದೆ ಹೇಳಿದಳು. ಶನಿವಾರ ದಾಟಿದರೆ ಜಾಕೀಟು ಸಿಗುವುದಿಲ್ಲ ಎಂದಳು. ತಪ್ಪು ತನ್ನದು ಎಂದಳು. ಅಳು ಬರುತ್ತಿತ್ತು, ಅಳಲಿಲ್ಲ.

ಮಲಕಪ್ಪ ಕೆಮ್ಮಿದ. ಸಿದ್ರಾಮ ನೆಲ ನೋಡಿದ. ಮರೆವ್ವ ಎದ್ದು ಹೋಗಿ ಡಬ್ಬಿ ತೆಗೆದು ಸೊಸೆಯ ತಟ್ಟೆಗೆ ಎರಡು ಚಮಚ ಶೇಂಗಾ ಹಿಂಡಿ ಹಾಕಿ ಮೇಲೆ ಎಣ್ಣೆ ಬಿಟ್ಟಳು.

“ತಿನ್ನು. ಶನಿವಾರ ಜಗಳ ಐತಿ.”

ಶನಿವಾರ ಬೆಳಿಗ್ಗೆ ಮಲಕಪ್ಪ ಪಾಳಿ ಮುಗಿಸಿದವನು ಯೂನಿಫಾರಂ ಬಿಚ್ಚಲಿಲ್ಲ. ಮುಖ ತೊಳೆದು, ಟೋಪಿ ಸರಿ ಮಾಡಿಕೊಂಡು, ಮರೆವ್ವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬೊಮ್ಮಸಂದ್ರಕ್ಕೆ ಹೊರಟ. ಮರೆವ್ವನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಂಗನ ಮುಖದ ಜಾಕೀಟು.

ಕಂಪನಿಯ ಗೇಟಿನಲ್ಲಿ ಈಶಪ್ಪ ಕೈ ಅಡ್ಡ ಹಿಡಿದ. “ಯಾರ್ ಬೇಕಿತ್ತು ಅಜ್ಜಾರೆ?”

“ರಿಜಿಸ್ಟರ್ ಕೊಡ್ರಿ,” ಎಂದ ಮಲಕಪ್ಪ.

ಕಾವಲಿನವನ ಮುಂದೆ ಕಾವಲಿನವನು ನಿಂತು ರಿಜಿಸ್ಟರ್ ಕೇಳಿದರೆ ಇಲ್ಲ ಎನ್ನುವುದು ಕಷ್ಟ. ಮಲಕಪ್ಪ ಮೇಜಿಗೆ ಬಲಗೈ ಊರಿ ನಿಧಾನವಾಗಿ ಬರೆದ. ಹೆಸರು, ಮಲಕಪ್ಪ. ತಂದ ಸಾಮಾನು, ಕಂಪನಿಯ ಜಾಕೀಟು ಒಂದು, ಬಣ್ಣ ಬಿಟ್ಟಿದೆ, ವಾಪಸ್. ಬಂದ ಕೆಲಸ, ನನ್ನ ಜಾಕೀಟು ತೆಗೆದುಕೊಂಡು ಹೋಗುವುದು. ಸಮಯ, ಒಂಬತ್ತು ಐವತ್ತು.

ಈಶಪ್ಪ ಓದಿ ತಲೆ ಕೆರೆದುಕೊಂಡ. “ಅಜ್ಜಾರೆ, ಇಂಗೆಲ್ಲಾ ಬರಿಯಂಗಿಲ್ಲ.”

“ನೀ ಬರೀಬ್ಯಾಡ. ನಾ ಬರದೀನಿ. ಕೆಳಗ ಸೈ ಹಾಕು, ಒಳಗ ಫೋನ್ ಮಾಡು.”

ಸ್ವಾಗತದ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಕಡೆ ವಿಷ್ಣು, ಪಕ್ಕದಲ್ಲಿ ಅವತ್ತೇ ಬಂದಿದ್ದ ಸುಕೃತಿ ಮೇಡಂ, ಬಾಗಿಲ ಬಳಿ ರುದ್ರಮ್ಮ. ಮಾದರಿ ಮೇಜಿನಿಂದ ಮಹಾನಂದಾಳನ್ನೂ ಕರೆಸಿದರು.

“ನಿಮ್ಮ ಜಾಕೆಟ್ ಇಲ್ಲಿ ಹೇಗೆ ಬರತ್ತೆ ಅಜ್ಜ?” ವಿಷ್ಣು ನಗುತ್ತಲೇ ಕೇಳಿದ. ಆಮೇಲೆ ಮಹಾನಂದಾಳ ಕಡೆ ತಿರುಗಿದ. “ನೀವೇ ಹೇಳಿ. ಯೋಚ್ನೆ ಮಾಡಿ ಹೇಳಿ. ಆ ಜಾಕೆಟ್ ನಿಮ್ದಾ?”

ಮಹಾನಂದಾ ಯೋಚಿಸಿದಳು. ಕುರ್ಚಿ ಕಣ್ಣ ಮುಂದೆ ಬಂತು, ಫ್ಯಾನೂ ಬಂತು.

“ನಂದಲ್ರಿ ಸಾರ್.”

ವಿಷ್ಣುವಿನ ಮುಖ ಅರಳಿತು.

“ನಂದಲ್ಲ, ನಮ್ಮ ಮಾವಾರದು. ಅವರನ್ನ ಕೇಳದ ನಾ ತಂದೀನಿ, ಅದಕ್ಕ ಮನ್ಯಾಗ ನಾ ಜವಾಬ ಕೊಡ್ತೀನಿ. ಅವರನ್ನ ಕೇಳದ ನೀವು ಇಟ್ಕೊಂಡೀರಿ, ಅದಕ್ಕ ಇಲ್ಲಿ ನೀವು ಜವಾಬ ಕೊಡ್ರಿ.”

ರುದ್ರಮ್ಮ ಬಾಯಿಗೆ ಸೆರಗು ಹಿಡಿದಳು, ನಗುವಿಗೋ ಭಯಕ್ಕೋ ಗೊತ್ತಾಗಲಿಲ್ಲ.

“ಎಂಟ್ರಿ ಇಲ್ದೆ ಬಾಯಲ್ಲಿ ಹೇಳಿದ್ರೆ ಆಗತ್ತಾ?” ವಿಷ್ಣುವಿನ ಮೃದು ದನಿ ಈಗ ಕಾಣೆಯಾಗಿತ್ತು. “ಇಂಥದ್ದು ನಮ್ಮಲ್ಲಿ ನಲವತ್ತಿದೆ. ಎಲ್ಲದಕ್ಕೂ ಅದೇ ಗುರುತು. ರುದ್ರಮ್ಮ, ಸುಮ್ನೆ ಯಾವುದಾದ್ರೂ ಎರಡು ತನ್ನಿ, ನೂರ ಹದಿನಾಲ್ಕೂ ತನ್ನಿ. ಯಾವುದು ತಮ್ದು ಅಂತ ಇವರೇ ತೋರಿಸಲಿ.”

ಮೂರು ಜಾಕೀಟು ಬಂದವು. ಮೂರಕ್ಕೂ ಮಾಸಿದ ಜೇಬು, ಮೂರಕ್ಕೂ ನುಣುಪಾದ ಎಡ ಹೆಗಲು, ಮೂರಕ್ಕೂ ಖಾಕಿ ಮಣಿಕಟ್ಟು. ಉಜ್ಜಿದ ಮಹಾನಂದಾಳ ಕಣ್ಣಿಗೇ ಒಂದು ಗಳಿಗೆ ಎಲ್ಲ ಒಂದೇ ಕಂಡಿತು. ಮುದುಕ ಸೋತರೆ ಏನು ಗತಿ ಎಂದುಕೊಂಡಳು.

ಮಲಕಪ್ಪ ಮುಟ್ಟಲಿಲ್ಲ. “ಮೂರೂ ಮೇಜಿನ ಮ್ಯಾಲ ಅಂಗಾತ ಮಲಗಸ್ರಿ. ತೋಳ ಹಿಡದ ಜಗ್ಗಬ್ಯಾಡ್ರಿ.”

ರುದ್ರಮ್ಮ ಮಲಗಿಸಿದಳು. ಎರಡು ಜಾಕೀಟಿನ ತೋಳುಗಳು ಮೇಜಿಗೆ ಚಪ್ಪಟೆಯಾಗಿ ಬಿದ್ದವು. ಮೂರನೆಯದರ ತೋಳುಗಳು ಮಲಗಲಿಲ್ಲ. ಎರಡೂ ಮೊಣಕೈಯಲ್ಲಿ ಬಾಗಿ, ಮುಂದಕ್ಕೆ ಎದ್ದು, ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡ ಹಾಗೆ ನಿಂತವು.

“ನೋಡ್ರಿ,” ಎಂದ ಮಲಕಪ್ಪ, “ಮಲಗಸಿದ್ರೂ ಸೈಕಲ್ ಹೊಡ್ಯಾಕತ್ತೈತಿ.”

ಮರೆವ್ವ ಬಗ್ಗಿ ಅದರ ಹೆಗಲನ್ನು ಮೂಸಿದಳು. “ಔಡಲೆಣ್ಣಿ. ದೀಪಾವಳಿಗೆ ನನ್ನ ಕೈಲೆ ಹಚ್ಚಿದ್ದು. ನೀವೂ ಮೂಸ್ರಿ ಮೇಡಂ, ನಾಚಬ್ಯಾಡ್ರಿ.”

ಸುಕೃತಿ ನಿಜವಾಗಿಯೂ ಮೂಸಿದಳು. ಆಮೇಲೆ ಜಾಕೀಟಿಗೆ ಕಟ್ಟಿದ್ದ ಚೀಟಿಯನ್ನು ತಿರುಗಿಸಿ ಓದಿದಳು. “ಪ್ರತಿ ಗುರುತಿನ ಹಿಂದೆ ಒಬ್ಬ ಪೈಲಟ್ ಕಥೆ ಇದೆ ಅಂತ ಬರ್ಸಿದೀರಲ್ಲ ವಿಷ್ಣು?”

“ಪೈಲಟ್‌ದಲ್ರಿ ಮೇಡಂ,” ಎಂದು ಮಹಾನಂದಾ ಮೇಜಿನ ಹತ್ತಿರ ಬಂದಳು. ಒಂದೊಂದೇ ಜಾಗದ ಮೇಲೆ ಬೆರಳಿಟ್ಟಳು. “ಈ ಹೆಗಲ ಬುತ್ತಿ ಚೀಲದ್ದು. ಈ ಮೊಣಕೈ ಗೇಟಿನ ರಿಜಿಸ್ಟರ್ ಬರದದ್ದು. ಇದು ನಮ್ಮ ಮನಿ ಮೊಳಿ. ಇದು ಖಾಕಿ ಕಾಲುಚೀಲ. ಪೈಲಟ್ ಸಾಹೇಬ್ರು ಇದನ್ನ ಕೊಟ್ಟ ಹೋದ್ರು. ಸವಸಿದವರು ಇವರು.”

ಸುಕೃತಿ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿದಳು. “ನನಗೆ ಇದು ಬೇಡ ವಿಷ್ಣು. ಬೇರೆಯವರ ಬಟ್ಟೆ ಹೊತ್ಕೊಂಡು ನಾನು ವಿಮಾನ ಹತ್ತಲ್ಲ.”

ಮಲಕಪ್ಪ ಯಾರ ಅಪ್ಪಣೆಗೂ ಕಾಯಲಿಲ್ಲ. ಜಾಕೀಟು ಎತ್ತಿ ಒಂದು ಕೈ ತೂರಿಸಿದ, ಇನ್ನೊಂದು ತೂರಿಸಿದ. ಮಡಿಕೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ರೆಕ್ಸಿನ್ ಚೀಲದ ಜಿಪ್ಪನ್ನು ಗದ್ದದವರೆಗೆ ಎಳೆದ. ಮೂರು ವಾರದಲ್ಲಿ ಮೊದಲ ಸಲ ಅವನ ಬೆನ್ನು ನೆಟ್ಟಗಾದುದನ್ನು ಮರೆವ್ವ ನೋಡಿದಳು, ಕಣ್ಣು ಒರೆಸಿಕೊಂಡಳು.

“ಗೇಟ್ ಪಾಸ್ ಇಲ್ದೆ ಅದು ಹೊರಗೆ ಹೋಗಲ್ಲ,” ಎಂದ ವಿಷ್ಣು. “ಅದಕ್ಕೆ ಸಹಿ ಹಾಕೋನು ನಾನು.”

“ಹಾಕಬ್ಯಾಡ್ರಿ,” ಎಂದು ಮಲಕಪ್ಪ ಬಾಗಿಲ ಕಡೆ ನಡೆದ. ಮರೆವ್ವ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟು ಅವನ ಹಿಂದೆ ಹೊರಟಳು.

“ಮಹಾನಂದಾ, ಇನ್ನು ಸ್ಯಾಂಪಲ್ ಟೇಬಲ್ ಮರ್ತುಬಿಡಿ.”

“ಮರತ್ನಿರಿ ಸಾರ್. ನಿಂತು ತಿಕ್ಕೂದು ನನಗ ಗೊತ್ತೈತಿ.” ಅವಳು ಅತ್ತೆ ಮಾವನ ಹಿಂದೆಯೇ ಹೊರಗೆ ಬಂದಳು. ಭಯವೂ ಇತ್ತು, ಆದರೆ ಆ ಕುರ್ಚಿಯಲ್ಲಿ ಕೂತಾಗ ಬಾರದಿದ್ದ ಹೆಮ್ಮೆ ಈಗ ಬಂದಿತ್ತು.

“ಸಂಜಿಗೆ ಲಗೂನ ಬಾ,” ಎಂದ ಮಲಕಪ್ಪ ತಿರುಗದೆಯೇ. “ಕೇಳದ ಒಯ್ದದ್ದಕ್ಕ ನಿನಗ ಬೈಯೂದು ಬಾಕಿ ಐತಿ.”

“ಮೊದಲ ಉಣ್ಣಲಿ, ಆಮ್ಯಾಲ ಬೈಯೂನು,” ಎಂದಳು ಮರೆವ್ವ.

ಗೇಟಿನ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಒಳಗಿನಿಂದ ಬಂದ ಫೋನು ಎಂದು ಈಶಪ್ಪನಿಗೂ ಗೊತ್ತು, ಯಾಕೆ ಬಂದಿದೆ ಎಂದೂ ಗೊತ್ತು. ಅವನು ಎದುರಿಗಿದ್ದ ಮುದುಕನ ಯೂನಿಫಾರಂ ನೋಡಿದ, ಜಾಕೀಟು ನೋಡಿದ. ಈ ಮನುಷ್ಯನಿಗೂ ಈ ಜಾಕೀಟಿಗೂ ನಡುವೆ ಒಂದು ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ.

ಮಲಕಪ್ಪ ಮೇಜಿನ ಮೇಲೆ ಬಲ ಮೊಣಕೈ ಊರಿ, ಬಂದಾಗ ಬರೆದ ಸಾಲನ್ನು ಹುಡುಕಿ, ಅದರ ಕೊನೆಯಲ್ಲಿ ಹೊರಹೋದ ಸಮಯ ಹತ್ತು ನಲವತ್ತು ಎಂದು ಬರೆದು ಪುಸ್ತಕವನ್ನು ಅವನ ಕಡೆ ತಿರುಗಿಸಿದ. ಫೋನು ಹೊಡೆದುಕೊಳ್ಳುತ್ತಲೇ ಇತ್ತು.

“ಒರಗೆ ಓದ ಸಾಮಾನು ಅಂತ ಒಂದು ಕಲಂ ಅದೆ ಅಜ್ಜಾರೆ. ಅದು ನಾನೇ ತುಂಬಬೇಕು. ಏನ್ ಬರೀಲಿ?”

“ಏನೂ ಇಲ್ಲ ಅಂತ ಬರಿ. ಮೈಮ್ಯಾಲಿಂದು ಸಾಮಾನಲ್ಲ.”

ಈಶಪ್ಪ ‘ಏನೂ ಇಲ್ಲ’ ಎಂದು ಬರೆದ, ಕೆಳಗೆ ಸಹಿ ಹಾಕಿದ, ಎದ್ದು ಹೋಗಿ ಗೇಟು ತೆಗೆದ.